ಇನ್ನೊಮ್ಮೆ ಮೇಸ್ತ್ರಿ ಬಿಚ್ಚಿದ ಬಾಗಿಲು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇದ್ದೇ ಇತ್ತು, ಆದರೆ ಚರ್ಚಿನ ದಫ್ತರ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಮರದ ಮೇಲೆ ಗೆರೆ ಎಳೆದು, ಗರಗಸ ಕೈಗೆತ್ತಿಕೊಂಡು, ಇನ್ನೇನು ಕೊಯ್ಯಬೇಕು ಎನ್ನುವಾಗ ಅವನು ಗರಗಸ ಕೆಳಗಿಟ್ಟು "ಇನ್ನೊಮ್ಮೆ" ಎಂದು ಅಳತೆಪಟ್ಟಿಗೆ ತಡಕಾಡುತ್ತಿದ್ದ. ಹೀಗೆ ಬಡಗಿ ಹೋಗಿ ಇನ್ನೊಮ್ಮೆ ಮೇಸ್ತ್ರಿಯಾದ. ಅವನ ಹೆಂಡತಿ ಬಂದವರಿಗೆಲ್ಲ ಹೇಳುವಳು, ನನ್ನನ್ನು ನೋಡಲು ಬಂದ ದಿನ ಮಾತ್ರ ಈ ಮನುಷ್ಯ ಒಂದೇ ಸಲಕ್ಕೆ ಒಪ್ಪಿಬಿಟ್ಟರು, ಆಮೇಲೆ ಪಶ್ಚಾತ್ತಾಪದಿಂದ ಮರವನ್ನು ಅಳೆಯುತ್ತಾ ಕೂತರು ಎಂದು.

ಅವನ ಅಂಗಡಿಗೂ ಪಕ್ಕದ ದರ್ಜಿಯ ಅಂಗಡಿಗೂ ನಡುವೆ ಒಂದೇ ಗೋಡೆ. ಈಚೆ ಕೊಡತಿಯ ಪೆಟ್ಟು, ಆಚೆ ಹೊಲಿಗೆ ಯಂತ್ರದ ಕಟಕಟ. ಒಂದು ನಿಂತರೆ ಇನ್ನೊಂದಕ್ಕೆ ಗೊತ್ತಾಗುತ್ತಿತ್ತು, ಇಬ್ಬರೂ ಹೊರಬಂದು ಜಗಲಿಯ ಹಲಗೆಯ ಮೇಲೆ ಚಹಾ ಕುಡಿಯುತ್ತಿದ್ದರು. ದರ್ಜಿ ಬೀದಿಯ ಕೊನೆಯ ಮಸೀದಿಗೆ ನಡೆದುಕೊಳ್ಳುವವನು, ಮೇಸ್ತ್ರಿ ತಿರುವಿನಾಚೆಯ ಚರ್ಚಿಗೆ. ಇಬ್ಬರೂ ಅದನ್ನು ಮುಚ್ಚಿಟ್ಟುಕೊಂಡು ನಯವಾಗಿ ನಗುವ ಜಾತಿಯವರಲ್ಲ. ಯೇಸುವೇ ದಾರಿ ಎಂದು ತಾನು ನಂಬಿದ್ದನ್ನು ಮೇಸ್ತ್ರಿ ಎದುರಿಗೇ ಹೇಳಿದ್ದ. ನೀನೂ ಆ ದಾರಿಗೆ ಬರುವಂತಾಗಲಿ ಎಂದು ಬೇಡಿಕೊಳ್ಳುತ್ತೇನೆ ಎಂಬುದನ್ನೂ ಹೇಳಿದ್ದ. ದರ್ಜಿ ಲೋಟ ಕೆಳಗಿಟ್ಟು, ನಿನಗೋಸ್ಕರ ನಾನು ಬೇಡಿಕೊಳ್ಳುವುದೂ ಅದನ್ನೇ, ಆದರೆ ದಾರಿ ಬೇರೆ ಎಂದಿದ್ದ. ವಾದ ಏರಿದ ದಿನ ಚಹಾ ಆರುತ್ತಿತ್ತು. ಮರುದಿನ ಬಿಸಿ ಚಹಾ ಬರುತ್ತಿತ್ತು.

ಮಸೀದಿಯ ಬಾಗಿಲಿಗೆ ಗೆದ್ದಲು ಹತ್ತಿದಾಗ ದರ್ಜಿ ಬಂದು ನಿಂತ. ಹಿರಿಯರ ಮುಂದೆ ನಿನ್ನ ಹೆಸರು ನಾನೇ ಎತ್ತಿದ್ದೇನೆ, ಮರ್ಯಾದೆ ಉಳಿಸು ಎಂದ. ಮೇಸ್ತ್ರಿ ಒಪ್ಪಿಕೊಂಡ. ಸುದ್ದಿ ಚರ್ಚಿಗೆ ಮುಟ್ಟಲು ಎಷ್ಟು ಹೊತ್ತು? ಭಾನುವಾರ ಆರಾಧನೆ ಮುಗಿದು ಮೆಟ್ಟಿಲಿಳಿಯುವಾಗ ಒಂದಿಬ್ಬರು ಗಂಟಲು ಸರಿಮಾಡಿಕೊಂಡರು. ಎಲ್ಲರಿಗಿಂತ ಹೆಚ್ಚು ಮುಖ ಊದಿಸಿದವನು ಮೇಸ್ತ್ರಿಯ ಹೆಂಡತಿಯ ತಮ್ಮ. ಗಾಯನವೃಂದಕ್ಕೆ ಅವನೇ ಮುಂದಾಳು, ಹಾಗಾಗಿ ಸಿಟ್ಟು ಬಂದರೂ ಅವನ ಮಾತಿಗೆ ರಾಗ ತಪ್ಪುತ್ತಿರಲಿಲ್ಲ. ನಮ್ಮ ಕೈಯಿಂದ ಅವರ ಆಲಯಕ್ಕೆ ಬಾಗಿಲೇ ಎಂದು ಅಕ್ಕನ ಎದುರು ಕೂತು ಅತ್ತುಕೊಂಡ. ಗೆದ್ದಲಿಗೆ ಧರ್ಮವಿಲ್ಲ, ಮುಂದಿನ ಸರದಿ ನಮ್ಮ ಚರ್ಚಿನದೇ ಇರಬಹುದು ಎಂದು ಅಕ್ಕ ತಟ್ಟೆ ಅವನ ಕಡೆ ತಳ್ಳಿದಳು.

ಮೇಸ್ತ್ರಿಯ ಅಪ್ಪನೂ ಬಡಗಿ. ಒಳ್ಳೆಯ ಬಾಗಿಲು ಹೇಗಿರಬೇಕೆಂದು ಮಗನ ತಲೆಗಲ್ಲ, ಕೈಗೆ ಕಲಿಸಿಹೋಗಿದ್ದ. ಸುತ್ತ ಗಟ್ಟಿ ಚೌಕಟ್ಟು, ನಡುವೆ ಮೇಲಿಂದ ಕೆಳಕ್ಕೆ ಒಂದು ಉದ್ದಪಟ್ಟಿ, ಎದೆಯೆತ್ತರಕ್ಕಿಂತ ತುಸು ಮೇಲೆ ಒಂದು ಅಡ್ಡಪಟ್ಟಿ. ಎರಡೂ ಸೇರುವಲ್ಲಿ ಅರ್ಧರ್ಧ ಕೊರೆದು ಒಂದಕ್ಕೊಂದು ಕಚ್ಚಿಸಬೇಕು. ಉಳಿದ ಜಾಗಕ್ಕೆ ಹಲಗೆ, ಮೇಲೆ ಎರಡು ಚಿಕ್ಕವು, ಕೆಳಗೆ ಎರಡು ಉದ್ದದವು. ಎಲ್ಲವನ್ನೂ ಮರದ ಗೂಟದಿಂದ ಬಿಗಿಯಬೇಕು, ಮೊಳೆ ಕೂಡದು. ಮೇಸ್ತ್ರಿಗೆ ಬಾಗಿಲೆಂದರೆ ಇದೇ. ಈ ಕೆಲಸಕ್ಕೂ ಅದೇ ಕೈ ಓಡಿತು.

ಗೂಟ ಹೊಡೆದು ಮುಗಿಸಿ, ಬಾಗಿಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ ಮಧ್ಯಾಹ್ನ ಭಾವಮೈದ ಬಂದ. ಬೈಯಲು ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಅವನ ಮುಖ ಅರಳಿತು.

"ಭಾವ, ಸ್ವಲ್ಪ ಹಿಂದೆ ಬಂದು ನೋಡಿ."

ಮೇಸ್ತ್ರಿ ಹಿಂದೆ ಬಂದ. ಮೇಜಿನ ಮೇಲೆ ಮಲಗಿದ್ದಾಗ ಅದು ಪಟ್ಟಿ ಮತ್ತು ಹಲಗೆ. ಎದ್ದು ನಿಂತು, ಕಿಟಕಿಯ ಬೆಳಕು ಅಡ್ಡಲಾಗಿ ಬಿದ್ದಾಗ ಅದು ಶಿಲುಬೆ. ಬಾಗಿಲಿನಷ್ಟೇ ಎತ್ತರದ, ಅಂಚು ಕೀಸಿ ನುಣುಪು ಮಾಡಿದ ಶಿಲುಬೆ. ಅಪ್ಪ ಅದನ್ನು ಬೇಕೆಂದೇ ಮಾಡುತ್ತಿದ್ದನೋ, ಅವನ ಅಪ್ಪನ ಕೈಯಿಂದ ಹಾಗೇ ಬಂದಿತ್ತೋ, ಕೇಳಲು ಈಗ ಯಾರೂ ಇಲ್ಲ. ಇಷ್ಟು ವರ್ಷ ಅಳೆದೂ ಅಳೆದೂ ಮೇಸ್ತ್ರಿ ಅದನ್ನು ನೋಡಿಯೇ ಇರಲಿಲ್ಲ.

ಭಾವಮೈದನ ಸಿಟ್ಟೆಲ್ಲ ಇಳಿದುಹೋಗಿತ್ತು. ಇದು ನಿಮ್ಮ ಕೆಲಸವಲ್ಲ, ದೇವರು ಮಾಡಿಸಿದ್ದು, ಬಾಯಿ ಮುಚ್ಚಿಕೊಂಡು ಕೂಡಿಸಿ ಬನ್ನಿ ಎಂದ. ಅವರು ಪ್ರತಿ ದಿನ ಅದನ್ನೇ ತಳ್ಳಿಕೊಂಡು ಒಳಗೆ ಹೋಗುತ್ತಾರೆ, ಗೊತ್ತೂ ಆಗುವುದಿಲ್ಲ ಎಂದು ಮೆಲ್ಲಗೆ ನಕ್ಕ. ಆ ನಗುವೇ ಮೇಸ್ತ್ರಿಯನ್ನು ಚುಚ್ಚಿದ್ದು.

"ಬಿಚ್ತೀನಿ," ಎಂದ.

"ಶಿಲುಬೆನ ನಿಮ್ಮ ಕೈಯಾರೆ ಬಿಚ್ತೀರಾ ಭಾವ?"

"ನಾನು ನಂಬೋದನ್ನ ಪಕ್ಕದವನ ಮುಖ ನೋಡ್ಕೊಂಡೇ ಹೇಳಿದೀನಿ. ಅವನ ಬೆನ್ನ ಹಿಂದೆ ಯಾಕೆ ಹೇಳ್ಲಿ? ಕದ್ದು ಒಳಗೆ ಹೋಗೋಕೆ ನಮ್ಮ ಸ್ವಾಮಿ ಏನು ಕಳ್ಳನಾ?"

ಭಾವಮೈದನ ಬಾಯಿ ತೆರೆಯಿತು. ಮೇಸ್ತ್ರಿ ತಡೆದ. "ನೀನು ಹಾಡೋವಾಗ ಹಾಕ್ಕೊಳ್ಳೋ ನಿಲುವಂಗಿ ಹೊಲಿದಿದ್ಯಾರು? ಇದೇ ದರ್ಜಿ ತಾನೇ? ಅದರ ಒಳಮಡಿಕೇಲಿ ಅವನು ಸದ್ದಿಲ್ದೆ ತನ್ನ ಪ್ರಾರ್ಥನೆ ಹೊಲಿದಿಟ್ಟಿದ್ರೆ ನಿನಗೆ ಹೇಗಾಗುತ್ತೆ?"

 ಭಾವಮೈದ ತಿರುಗಿ ಮನೆಯ ಕಡೆ ಹೋದ, ಎಂದಿಗಿಂತ ಬೇಗ ಬೇಗ.

ಬಿಚ್ಚುತ್ತೇನೆ ಎನ್ನುವುದು ಸುಲಭ. ನಡುಪಟ್ಟಿ ತೆಗೆದರೆ ಚೌಕಟ್ಟಿನ ಮೇಲು ಕೆಳಗಿನ ಪಟ್ಟಿಗಳಲ್ಲಿ ತೂತು ಬಾಯಿಬಿಡುತ್ತದೆ, ಅವನ್ನೂ ಹೊಸದಾಗಿ ಮಾಡಬೇಕು. ಚಿಕ್ಕ ಹಲಗೆಗಳ ಬದಲು ಅಡ್ಡಡ್ಡಲಾಗಿ ಅಗಲದ ಹಲಗೆ ಕೂಡಿಸಬೇಕು. ಅಷ್ಟು ಅಗಲದ, ಚೆನ್ನಾಗಿ ಒಣಗಿದ ಮರ ಇಡೀ ಅಂಗಡಿಯಲ್ಲಿ ಒಂದೇ ಕಡೆ ಇತ್ತು. ಅಟ್ಟದ ಮೇಲೆ, ಗೋಣಿಚೀಲ ಹೊದ್ದುಕೊಂಡು. ಅದು ಅವನು ತನ್ನ ಶವಪೆಟ್ಟಿಗೆಗೆಂದು ಎತ್ತಿಟ್ಟುಕೊಂಡ ಮರ. ಬೇರೆಯವರ ಕೈಯ ಪೆಟ್ಟಿಗೆಯಲ್ಲಿ ಮಲಗಲು ಅವನಿಗೆ ಮನಸ್ಸಿರಲಿಲ್ಲ. ಮೂಲೆ ಸರಿ ಕೂರಿಸುತ್ತಾರೋ ಇಲ್ಲವೋ ಎಂಬ ಚಿಂತೆ.

ಅವನು ಏಣಿ ಹಾಕಿದ್ದನ್ನು ನೋಡಿ ಹೆಂಡತಿ ಕೆಳಗಿನಿಂದ ಹಿಡಿದುಕೊಂಡಳು. ವಿಷಯವೆಲ್ಲ ಕೇಳಿದಳು. ಆ ಮರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತಿದ್ದವಳು ಅವಳೇ.

"ಇಳಿಸಿ," ಎಂದಳು. "ನೀವು ಅದರೊಳಗೆ ಮಲಗಿದ್ಮೇಲೆ ಮರದ ಎಳೆ ನೋಡ್ಕೊಂಡು ಖುಷಿ ಪಡೋದೇನೂ ಇರ್ಲಿಲ್ಲ."

ಆದರೆ ಕೆಲಸಕ್ಕೆ ಕೈ ಹಾಕುವ ಮೊದಲು ಮಾಡಬೇಕಾದ್ದು ಇನ್ನೊಂದಿತ್ತು. ಮರ ಬದಲಿಸಿ ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹೇಳಿದರೆ ದರ್ಜಿ ಹಿರಿಯರಿಗೆ ತಿಳಿಸಿಯಾನು, ಕೆಲಸ ಕೈತಪ್ಪೀತು. ಅದಕ್ಕಿಂತ ಹೆಚ್ಚಾಗಿ, ಇದು ಕೈತಪ್ಪಿ ಆದದ್ದು ಎಂದರೆ ಅವನು ನಂಬದೆ ಹೋದಾನು. ಜಗಲಿಯ ಹಲಗೆ ಬರಿದಾದೀತು. ಮೇಸ್ತ್ರಿಗೆ ಆಗ ನೆನಪಾಯಿತು, ಇವತ್ತು ಆಚೆಯ ಯಂತ್ರ ಎರಡು ಸಲ ನಿಂತಿತ್ತು, ದರ್ಜಿ ಮಾತ್ರ ಚಹಾಕ್ಕೆ ಬಂದಿರಲಿಲ್ಲ.

ಹೋಗಿ ಕರೆದುಕೊಂಡು ಬಂದ. ಬಾಗಿಲ ಮುಂದೆ ನಿಲ್ಲಿಸಿ ಇದ್ದದ್ದು ಇದ್ದ ಹಾಗೆ ಹೇಳಿದ. ಕೈ ತನ್ನ ಪಾಡಿಗೆ ಮಾಡಿತು, ಕಣ್ಣು ತಡವಾಗಿ ಕಂಡಿತು, ಈಗ ಬಿಚ್ಚುತ್ತೇನೆ ಎಂದ. ದರ್ಜಿ ಕತ್ತಿನಲ್ಲಿ ನೇತುಬಿದ್ದ ಟೇಪನ್ನು ಎರಡೂ ಕೈಯಿಂದ ಜಗ್ಗುತ್ತಾ ನಿಂತಿದ್ದ. ಆಮೇಲೆ ಮರದ ತುಂಡೊಂದರ ಮೇಲೆ ಕುಕ್ಕರಿಸಿದ.

"ಬೆಳಿಗ್ಗೆ ನಿನ್ನ ಕಿಟಕೀಲಿ ನೋಡ್ದೆ, ಮೇಜಿನ ಮೇಲೆ ಮಲಗಿದ್ದಾಗ್ಲೇ ಕಂಡಿತು. ಹಿರಿಯರಿಗೆ ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ಹೇಳ್ದಿದ್ರೆ ದಿನಾ ಅದರ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋಗ್ಬೇಕು. ಒಂದು ಅಂಗಿಗೆ ಎರಡೂ ಎಡಗೈ ಹೊಲಿದಿಟ್ಟಿದೀನಿ ಇವತ್ತು."

"ನನ್ನನ್ನೇ ಕೇಳ್ಬಾರ್ದಿತ್ತಾ?"

"ಬೇಕಂತ ಮಾಡಿದ್ದು ಅಂತ ನೀನು ಅಂದ್ಬಿಟ್ರೆ? ಅದು ಕೇಳೋಕೆ ಧೈರ್ಯ ಆಗ್ಲಿಲ್ಲ."

ಮೇಸ್ತ್ರಿಗೆ ಇನ್ನೊಂದು ಹೊಳೆಯಿತು. ದರ್ಜಿಯ ಮನೆಯ ಬಾಗಿಲು! ಅವನ ಮಗಳ ಮದುವೆಯ ವರ್ಷ ತಾನೇ ಮಾಡಿಕೊಟ್ಟದ್ದು. ಅದರಲ್ಲೂ ಇರಬೇಕು ಎಂದು ಅವನ ನಾಲಗೆ ತಡವರಿಸಿತು.

"ಇದೆ. ಬಟ್ಟೆ ಕತ್ತರಿಸೋನಿಗೆ ಆಕಾರ ಕಾಣಲ್ವಾ? ಮೊದಲ ದಿನವೇ ಕಂಡಿತ್ತು. ಬಾಗಿಲು ಗಟ್ಟಿಯಿತ್ತು, ಮಾಡಿದೋನು ಬೇಕಾದೋನು. ನನ್ನ ಮನೆ, ನಾನು ಸೈರಿಸ್ಕೊಂಡೆ. ಇದು ನನ್ನೊಬ್ಬನ ಮನೆಯಲ್ಲ."

ಅದನ್ನೂ ಬದಲಿಸಿಕೊಡುತ್ತೇನೆ ಎಂದ ಮೇಸ್ತ್ರಿ. ಅದನ್ನು ಮುಟ್ಟಿದರೆ ನೋಡು ಎಂದ ದರ್ಜಿ. ಮೇಸ್ತ್ರಿ ಪಟ್ಟು ಬಿಡಲಿಲ್ಲ. ಕೊನೆಗೆ ಅದರ ಮಾತು ಮಳೆಗಾಲ ಮುಗಿದ ಮೇಲೆ ಎಂದಾಯಿತು.

ಮೇಸ್ತ್ರಿ ಗೂಟಗಳನ್ನು ಹಿಂದಿನಿಂದ ಒಂದೊಂದಾಗಿ ತಟ್ಟಿ ತೆಗೆದ. ಚೌಕಟ್ಟು ಸಡಿಲವಾದಾಗ ನಡುವಿನ ಎರಡು ಪಟ್ಟಿಗಳು ಮಾತ್ರ ಒಂದನ್ನೊಂದು ಬಿಡಲಿಲ್ಲ. ಹಾಗೇ ಕಚ್ಚಿಕೊಂಡು ಹೊರಬಂದವು. ದರ್ಜಿ ಅದರ ಒಂದು ತುದಿ ಹಿಡಿದು, ನೆಲಕ್ಕೆ ತಾಗದ ಹಾಗೆ, ಗೋಡೆಯ ಬದಿಗೆ ಇಡಿಸಿದ. ಮೇಸ್ತ್ರಿ ಅವನ ಕೈಯನ್ನೇ ನೋಡುತ್ತಿದ್ದ. ಆಮೇಲೆ ಅಟ್ಟದ ಮರಕ್ಕೆ ಗೆರೆ ಎಳೆದ, ಗರಗಸ ಎತ್ತಿಕೊಂಡ, ಕೆಳಗಿಟ್ಟ.

ಶುಕ್ರವಾರದ ಪ್ರಾರ್ಥನೆಗೆ ಮುಂಚೆ ಬಾಗಿಲು ಕೂರಬೇಕಿತ್ತು. ಬೆಳಿಗ್ಗೆ ಅದನ್ನು ಹೊರಲು ನಿಂತಾಗ ಯಾರೂ ಕರೆಯದಿದ್ದರೂ ಭಾವಮೈದ ಬಂದ. ಬಗಲಲ್ಲಿ ಒಂದು ಬಟ್ಟೆಯ ಗಂಟು. ನಿಲುವಂಗಿಯ ಅಂಚು ಬಿಚ್ಚಿಹೋಗಿದೆ, ಸ್ವಲ್ಪ ಹೊಲಿದುಕೊಡಬೇಕು ಎಂದು ದರ್ಜಿಯ ಕೈಗಿಟ್ಟ. ದರ್ಜಿ ತಿರುಗಿಸಿ ನೋಡಿದ.

"ಇದು ಹರಿದಿದ್ದಲ್ಲ. ಯಾರೋ ಕೂತು ಸುತ್ತಲೂ ಬಿಚ್ಚಿದಾರೆ."

ಭಾವಮೈದ ಬಾಗಿಲಿನ ಭಾರದ ತುದಿಗೆ ಹೆಗಲು ಕೊಟ್ಟು, ಹೊತ್ತಾಯಿತು ನಡೆಯಿರಿ ಎಂದ. ಮೇಸ್ತ್ರಿಯ ಹೆಂಡತಿ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಬಾಗಿಲು ಕೂತಿತು. ಮೂರು ಅಗಲದ ಹಲಗೆ, ಎಳೆಗಳು ಅಡ್ಡಲಾಗಿ ಹರಿದ ನೀರಿನಂತೆ. ಹಿರಿಯರು ತಳ್ಳಿ ನೋಡಿ ತಲೆದೂಗಿದರು. ಮೇಸ್ತ್ರಿಗೆ ಸಾಲದು, ಇನ್ನೊಮ್ಮೆ ಮುಚ್ಚಿಸಿದ, ತೆರೆಸಿದ, ಕೆಳಗಿನ ಅಂಚಿನಿಂದ ಒಂದು ಎಳೆಯಷ್ಟು ಕೀಸಿದ. ಜನ ಬರತೊಡಗಿದರು. ದರ್ಜಿ ಚಪ್ಪಲಿ ಬಿಟ್ಟು ಒಳಗೆ ಹೋದ. ಮೇಸ್ತ್ರಿ ಉದುರಿದ ಹೊಟ್ಟನ್ನು ಕೈಯಿಂದಲೇ ಬಳಿದು ಚೀಲಕ್ಕೆ ತುಂಬಿದ. ಗೆಳೆಯನಿಗಾಗಿ ದಿನಾ ಬೇಡುವುದನ್ನೇ ಅಲ್ಲಿ ನಿಂತು ಇನ್ನೊಮ್ಮೆ ಬೇಡಿಕೊಂಡ. ಆಮೇಲೆ ಬಾಗಿಲನ್ನು ಸದ್ದಾಗದ ಹಾಗೆ ಮುಂದಕ್ಕೆಳೆದು, ತಾನು ಹೊರಗುಳಿದ.

ಅಂಗಡಿಗೆ ಬಂದಾಗ ಹೆಂಡತಿ ಗೋಡೆಗೊರಗಿದ್ದ ಪಟ್ಟಿಗಳನ್ನು ಒರೆಸುತ್ತಿದ್ದಳು. ಇದನ್ನೇನು ಮಾಡುವುದು ಎಂದು ಕೇಳಿದಳು. ಮೇಸ್ತ್ರಿ ಏಣಿ ಹಾಕಿದ.

"ಅಟ್ಟದ ಮೇಲಿರ್ಲಿ. ನನ್ನ ಪೆಟ್ಟಿಗೆ ಯಾವ ಮರದ್ದಾದ್ರೂ ಆಗ್ಲಿ, ಮುಚ್ಚಳದ ಮೇಲೆ ಇದನ್ನೇ ಹೊಡೆಸು. ಎಲ್ರಿಗೂ ಕಾಣೋ ಹಾಗೆ."

ಗೋಡೆಯಾಚೆ ಯಂತ್ರ ಶುರುವಾಗುವವರೆಗೂ ಅವನು ಕೊಡತಿ ಮುಟ್ಟಲಿಲ್ಲ. ಅದು ಶುರುವಾಗಿ, ಸ್ವಲ್ಪ ಹೊತ್ತಿಗೆ ನಿಂತಾಗ, ಲೋಟಗಳನ್ನು ತೊಳೆದುಕೊಂಡು ಜಗಲಿಗೆ ಬಂದ.