ಸೀರಿಯಲ್ ನೆಪದಲ್ಲಿ

ಡೆಸ್ ಪ್ಲೇನ್ಸ್ ಊರಿನ ಗ್ಯಾರೇಜಿನಲ್ಲಿ ಕಾರನ್ನು ಸರ್ವೀಸಿಗೆ ಬಿಟ್ಟು ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಚೀನೀ ಹೆಂಗಸು ಫೋನಿನಲ್ಲಿ ಅವರ ಕಡೆಯ ಸೀರಿಯಲ್ ನೋಡುತ್ತಿದ್ದಳು. ಗಂಡನನ್ನು ಬಿಟ್ಟು ಸ್ವಂತ ಕಂಪನಿ ಕಟ್ಟುವವಳ ಕಥೆ ಎಂದು ತಾನಾಗಿಯೇ ಹೇಳಿದಳು.

"ಕೊನೆಗೆ ಇನ್ನೊಬ್ಬ ಸಾಹುಕಾರನನ್ನ ಮದುವೆ ಆಗ್ತಾಳೆ, ಅಲ್ವಾ?" ಎಂದೆ. ಟೀವಿಯ ಸ್ತ್ರೀವಾದದ ಮೇಲೆ ನನಗೆ ಅಷ್ಟೇ ನಂಬಿಕೆ.

"ಆಗೇ ಆಗ್ತಾಳೆ," ಎಂದು ನಕ್ಕಳು. "ನಾನು ನೋಡೋದು ಅದಕ್ಕಲ್ಲ. ನನಗೆ ಡಿವೋರ್ಸ್ ಆಗಿದೆ, ಊರಲ್ಲಿರೋ ಅಮ್ಮನಿಗೆ ಹೇಳಿಲ್ಲ. ಅವಳೂ ಇದನ್ನೇ ನೋಡ್ತಾಳೆ. ಈ ಹುಡುಗಿ ಮಾಡಿದ್ದು ಸರೀನಾ ಅಂತ ಫೋನ್ ಮಾಡಿದಾಗೆಲ್ಲ ಕೇಳ್ತೀನಿ."

"ಏನಂತಾರೆ?"

"ಮೊದಮೊದಲು ಸೊಕ್ಕಿನವಳು ಅಂತಿದ್ದಳು. ಮೊನ್ನೆ ಮಾತ್ರ, ಪಾಪ, ಹೆತ್ತ ತಾಯಿಯಾದರೂ ಅವಳ ಜೊತೆ ನಿಲ್ಲಬಾರದಾ ಅಂದಳು. ಇವತ್ತು ಹೇಳಿಬಿಡ್ತೀನಿ."

ಅಷ್ಟರಲ್ಲಿ ನನ್ನ ಕಾರು ರೆಡಿ ಎಂದು ಕರೆದರು. ಒಳ್ಳೇದಾಗಲಿ ಎಂದು ಹೇಳಿ ಎದ್ದೆ. ಮನಸಾರೆಯೇ ಹೇಳಿದೆ.

ನಾನೂ ಗಂಡನಿಂದ ಬೇರೆಯಾಗಿ ಇಲ್ಲೇ ಹತ್ತಿರದ ಲೊಂಬಾರ್ಡಿನಲ್ಲಿ ಒಬ್ಬಳೇ ಇದ್ದೇನೆ. ಮೈಸೂರಿನಲ್ಲಿರುವ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅವಳು ನೋಡುವ ಸೀರಿಯಲ್ಲಿನ ಸೊಸೆಯೋ, ವರ್ಷಗಳಿಂದ ಅತ್ತೆಯ ಮುಂದೆ ಕಣ್ಣೀರು ಒರೆಸಿಕೊಳ್ಳುತ್ತಲೇ ಇದ್ದಾಳೆ. ಆ ಸೊಸೆ ಮನೆ ಬಿಡುವವರೆಗೆ ಕಾದರೆ ನನ್ನ ಕಥೆ ಮುಗಿದಂತೆಯೇ.