ಎರಡು ಬೆರಳಿನ ಸಂದು

ಸದ್ದೇ ಆಗಲಿಲ್ಲ.

ಕಲ್ಲಿದ್ದಲು ಗಣಿಯಲ್ಲಿ ಚಾವಣಿ ಕುಸಿಯುವ ಮೊದಲು ಮರದ ಕಂಬ ಸದ್ದು ಮಾಡಬೇಕು. ನಾನು ನಿಲ್ಲಿಸಿದ ಕಂಬ ಸದ್ದು ಮಾಡದೆ ಮುರಿಯಿತು. ಮೊದಲು ಒಂದಿಷ್ಟು ಪುಡಿ ಉದುರಿತು. ಆಮೇಲೆ ದೀಪ ಹೋಯಿತು. ಬಲಗಾಲು ಎಲ್ಲಿದೆ ಅಂತಲೇ ತಿಳಿಯಲಿಲ್ಲ.

ನಾನು ಬಷೀರ್, ಗುಬ್ಬಿಯ ಬಡಗಿ. ನಮ್ಮಪ್ಪ, ತಾತ ಎಲ್ಲರದ್ದೂ ಇದೇ ಕಸುಬು. ನಾನು ಕೂಡಿಸಿದ ಬಾಗಿಲ ಚೌಕಟ್ಟಿನ ಸಂದಿಗೆ ಕಾಗದ ತೂರಿಸುತ್ತೇವೆ ಅಂತ ಪಂಥ ಕಟ್ಟಿದವರಿದ್ದಾರೆ. ತೂರಿಸಿದವರು ಮಾತ್ರ ಇಲ್ಲ. ಹೆಮ್ಮೆ ಅನ್ನಿ, ಜಂಬ ಅನ್ನಿ, ಅದು ನನಗಿತ್ತು, ಈಗಲೂ ಇದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಊರಲ್ಲಿ ಕೆಲಸ ಕಮ್ಮಿಯಾದಾಗ, ಹೆಂಡತಿ ಜುಬೇದಾಳ ಸೋದರಮಾವ ನನ್ನನ್ನು ಆಂಧ್ರದ ಕಡೆಯ ಒಂದು ಗಣಿಗೆ ಕರೆದುಕೊಂಡು ಹೋದರು. ನೆಲದೊಳಗೆ ಕಲ್ಲಿದ್ದಲು ತೆಗೆದ ಜಾಗದಲ್ಲಿ ಚಾವಣಿಗೆ ಮರದ ಕಂಬ ಕೊಡುವುದು ನನ್ನ ಕೆಲಸ.

ನಮ್ಮ ತಂಡದ ಹಿರಿಯ ಯಾದಯ್ಯ ಮೊದಲ ದಿನವೇ ಹೇಳಿಕೊಟ್ಟಿದ್ದರು. ಕಂಬವನ್ನು ಚಾವಣಿಗಿಂತ ಎರಡು ಬೆರಳು ಗಿಡ್ಡ ಕೊಯ್ಯಬೇಕು. ಆ ಸಂದಿಗೆ ಮೆತ್ತನೆ ಮರದ ತುಂಡೊಂದನ್ನು ಬಡಿದು ಕೂರಿಸಬೇಕು. ಮೇಲಿನ ಭಾರ ಹೆಚ್ಚಿದರೆ ಮೊದಲು ಆ ತುಂಡು ನಜ್ಜುಗುಜ್ಜಾಗುತ್ತದೆ, ಚಟಚಟ ಅನ್ನುತ್ತದೆ. ಅಷ್ಟರಲ್ಲಿ ಜನ ಓಡಿ ಬದುಕಿಕೊಳ್ಳಬಹುದು.

ನನಗದು ಕೈಲಾಗದವರ ಕೆಲಸ ಅನ್ನಿಸಿತು. ಅಳತೆ ಬಾರದವನು ತಾನೇ ಸಂದು ಬಿಟ್ಟು ತುಂಡು ತುರುಕುವುದು? ಆದರೂ ಒಂದು ವರ್ಷ ಹೇಳಿದಂತೆ ಕೇಳಿದೆ. ಆ ದಿನ ಯಾದಯ್ಯ ಬೇರೆ ಕಡೆ ಇದ್ದರು. ಕೂದಲೆಳೆಯಷ್ಟೂ ಸಂದಿಲ್ಲದಂತೆ ಒಂದು ಕಂಬ ಕೂರಿಸಿದೆ. ಜೊತೆಯವನಿಗೆ, "ನೋಡು, ಗುಬ್ಬಿಯವರ ಕೈಕೆಲಸ" ಅಂದೆ. ಅವನು ನಕ್ಕು ನೀರು ಕುಡಿಯಲು ಹೋದ. ಅವನು ಹೋದದ್ದು ದೇವರ ದಯೆ.

ಕಂಬ ಅರ್ಧ ಗಂಟೆ ನಿಂತಿತ್ತು.

ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ಗಣಿಯ ಆಸ್ಪತ್ರೆಯಲ್ಲಿ ಆರು ವಾರ ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಬೆನ್ನಿನ ಗಾಯಗಳು ಬೇಗ ಮಾದವು, ಆದರೆ ಒಳಗೆ ಸೇರಿದ್ದ ಕಲ್ಲಿದ್ದಲ ಪುಡಿ ಅಲ್ಲೇ ಉಳಿದು ನೀಲಿ ಗೆರೆಗಳಾದವು. ಆಮೇಲೆ ಜುಬೇದಾ ಬಂದು ನನ್ನನ್ನು ರೈಲಿನಲ್ಲಿ ಊರಿಗೆ ಕರೆತಂದಳು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಎಲುಬು ಕೂಡ್ತಾ ಇಲ್ಲ. ಪ್ಲಾಸ್ಟರ್ ಹಾಕಿ ಇನ್ನೂ ಮೂರು ತಿಂಗಳು ನೋಡೋಣ. ಆಗ್ಲೂ ಕೂಡಲಿಲ್ಲ ಅಂದ್ರೆ ಕಾಲು ತೆಗೀಬೇಕಾಗತ್ತೆ." ಆಮೇಲೆ ಬೆನ್ನು ನೋಡಿ, "ಇದೇನಪ್ಪಾ, ಹಚ್ಚೆನಾ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಜುಬೇದಾ, "ನಮ್ಮಲ್ಲಿ ಹಚ್ಚೆ ಹಾಕ್ಸಲ್ಲ ಡಾಕ್ಟ್ರೇ. ಇದು ದುಡಿದಿದ್ದಕ್ಕೆ ಬಿದ್ದಿರೋ ಗುರುತು" ಅಂದಳು. ಆ ಮಾತು ಕೇಳಿ ನೋವಿನಲ್ಲೂ ನನ್ನ ಎದೆ ಉಬ್ಬಿತು.

ನಮ್ಮ ಮನೆಮಾತು ಉರ್ದು. ಆದರೆ ಜುಬೇದಾ ಕುಣಿಗಲ್ ಪೇಟೆಯಲ್ಲಿ ಬೆಳೆದವಳು; ಬೈಯಬೇಕಾದರೆ ಅವಳಿಗೆ ಕನ್ನಡವೇ ಬೇಕು. ನಾನು ಮಲಗಿದ್ದಲ್ಲೇ ನನಗೆ ಎಲ್ಲವನ್ನೂ ಅವಳೇ ಮಾಡುತ್ತಿದ್ದಳು. ಮೈ ಒರೆಸುವುದು, ಮಗ್ಗುಲು ಹೊರಳಿಸುವುದು, ಬೆಡ್‌ಪ್ಯಾನ್ ಇಡುವುದು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸುತ್ತಿತ್ತು. "ಬಿಡ್ರೀ, ಮಗೂನ ಸಾಕ್ದಂಗೆ ಸಾಕ್ತೀನಿ. ಮಗು ಆದ್ರೆ ಇಷ್ಟೊಂದು ಗೊಣಗಲ್ಲ" ಅನ್ನುತ್ತಿದ್ದಳು.

ಎದ್ದು ನಿಲ್ಲಬಹುದು ಅಂದ ಮೇಲೆ ಆಸ್ಪತ್ರೆಯವರು ಊರುಗೋಲು ಕೊಟ್ಟರು. ಅವು ಸೊಟ್ಟಗಿದ್ದವು, ಕೀಲುಗಳು ಲೊಡಲೊಡ ಅನ್ನುತ್ತಿದ್ದವು. ಅಂಥದ್ದರ ಮೇಲೆ ಬಡಗಿ ನಡೆಯುವುದೇ? ಮಂಚದ ಮೇಲೆ ಕೂತು, ಹೊನ್ನೆ ಮರದಲ್ಲಿ ಹೊಸ ಜೋಡಿ ಮಾಡಿದೆ. ನೆಲದಿಂದ ಕಂಕುಳಿನವರೆಗೆ ಅಳೆದು, ಒಂದು ಎಳೆಯೂ ಹೆಚ್ಚುಕಮ್ಮಿಯಾಗದಂತೆ ಕೂರಿಸಿದೆ. ಇಡೀ ಬೀದಿ ಬಂದು ನೋಡಿತು. ಬೆಳಿಗ್ಗೆ ಮಸೀದಿಯವರೆಗೆ, ಸಂಜೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ನಡೆಯುವುದಕ್ಕಿಂತ ತೋರಿಸಿಕೊಳ್ಳುವುದೇ ಹೆಚ್ಚಾಗಿತ್ತು ಅನ್ನಿ.

ಮೂರನೇ ವಾರ ಕೈಯಿಂದ ಉಳಿ ಬಿತ್ತು.

ಎತ್ತಿಕೊಂಡೆ. ಮತ್ತೆ ಬಿತ್ತು. ಬಲಮುಂಗೈ ಬಾಡಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಕಾಲು ಹೋಗಬಹುದು ಅಂದಾಗ ನಾನು ಅತ್ತಿರಲಿಲ್ಲ. ಕೂತುಕೊಂಡಾದರೂ ಮರ ಕೊಯ್ಯಬಹುದು ಎಂಬ ಧೈರ್ಯವಿತ್ತು. ಕೈಯೇ ಇಲ್ಲದಿದ್ದರೆ ನಾನು ಯಾರು? ಅವತ್ತು ಜುಬೇದಾಳ ಎದುರಿಗೇ ಗೊಳೋ ಅಂತ ಅತ್ತೆ. ಅವಳು ಬೈಯಲಿಲ್ಲ. ಅದಕ್ಕೇ ಇನ್ನಷ್ಟು ಹೆದರಿದೆ.

ಮಾರನೆಯ ದಿನ ಡಾಕ್ಟರು ಕೈಗಿಂತ ಮೊದಲು ಊರುಗೋಲನ್ನು ನೋಡಿದರು. ಅದಕ್ಕೂ ನನ್ನ ಕಂಕುಳಿಗೂ ನಡುವೆ ಬೆರಳು ತೂರಿಸಲು ಹೋದರು. ತೂರಲಿಲ್ಲ.

"ಯಾರು ಮಾಡಿದ್ದು ಇದು?"

"ನಾನೇ ಸಾರ್." ಆಗಲೂ ದನಿಯಲ್ಲಿ ಜಂಬವಿತ್ತು.

"ಕೆಲಸ ಚೆನ್ನಾಗಿದೆ. ನಿನ್ನ ಕೈ ತಿಂದಿರೋದೂ ಅದೇ. ಕಂಕುಳಲ್ಲಿ ನರ ಇದೆ, ಮೈಭಾರ ಎಲ್ಲಾ ಅದರ ಮೇಲೆ ಬಿದ್ದಿದೆ. ಭಾರ ಹೊರಬೇಕಾದ್ದು ಅಂಗೈ. ಮೇಲೆ ಎರಡು ಬೆರಳು ಜಾಗ ಬಿಡಬೇಕಪ್ಪಾ."

ಎರಡು ಬೆರಳು.

ಯಾದಯ್ಯನವರ ಮುಖ ಕಣ್ಣಮುಂದೆ ಬಂತು. ಬಸ್ಸಿನಲ್ಲಿ ಹಿಂತಿರುಗುವಾಗ, ಅಷ್ಟು ತಿಂಗಳು ಮುಚ್ಚಿಟ್ಟಿದ್ದನ್ನು ಜುಬೇದಾಳಿಗೆ ಹೇಳಿದೆ. ಮುರಿದ ಕಂಬ ನನ್ನದೇ, ಸಂದು ಬಿಡದೆ ಕೂರಿಸಿದವನು ನಾನೇ ಅಂತ. ಅವಳು ನನ್ನ ಜೋತುಬಿದ್ದ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಅಂದಳು, "ಒಂದ್ಸಲ ಕಲ್ಲು ಹೇಳ್ತು. ಒಂದ್ಸಲ ಡಾಕ್ಟ್ರು ಹೇಳಿದ್ರು. ಮೂರನೇ ಸಲ ನಾನ್ ಹೇಳೋ ಹಂಗೆ ಮಾಡ್ಕೋಬೇಡಿ ಕಣ್ರೀ."

ಮನೆಗೆ ಬಂದವಳೇ ಗರಗಸ ಹಿಡಿದಳು. ನನ್ನ ಕೈಗೆ ಬಲವಿರಲಿಲ್ಲ. ನಾನು ಗೆರೆ ತೋರಿಸಿದೆ, ಅವಳು ಊರುಗೋಲುಗಳ ಬುಡವನ್ನು ಎರಡು ಬೆರಳಿನಷ್ಟು ಕೊಯ್ದಳು. ಕೊಯ್ತ ಸೊಟ್ಟಗಾಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಸುಮ್ಮನಿದ್ದೆ.

ಎರಡು ತಿಂಗಳಲ್ಲಿ ಮುಂಗೈ ಮೇಲೆದ್ದಿತು. ಎಲುಬೂ ಕೂಡಿತು, ನಿಧಾನವಾಗಿ, ಸ್ವಲ್ಪ ಓರೆಯಾಗಿ. ಕುಂಟುತ್ತೇನೆ. ಚಳಿಗೆ ಕಾಲು ಜಗ್ಗುತ್ತದೆ. ಗಣಿಗೆ ಮತ್ತೆ ಹೋಗಲಿಲ್ಲ. ಈಗ ಆ ಡಾಕ್ಟರೇ ರೋಗಿಗಳನ್ನು ನಮ್ಮ ಅಂಗಡಿಗೆ ಕಳಿಸುತ್ತಾರೆ. ನಿಟ್ಟೂರು, ಬೆಳ್ಳಾವಿಯ ಕಡೆಯಿಂದಲೂ ಊರುಗೋಲಿಗೆ ಜನ ಬರುತ್ತಾರೆ.

ಮೊನ್ನೆ ಒಬ್ಬರು ಹೊಸ ಊರುಗೋಲಿನ ಮೇಲೆ ನಿಂತು ನೋಡಿ, "ಗಿಡ್ಡ ಆಯ್ತಲ್ಲಾ ಸಾಬ್ರೇ, ಅಳತೆ ತಪ್ಪೈತೆ" ಅಂದರು. ಮೊದಲಾಗಿದ್ದರೆ ಜಗಳಕ್ಕೇ ಬೀಳುತ್ತಿದ್ದೆ. ಈಗ ನನ್ನ ಬಲಗೈಯ ಎರಡು ಬೆರಳನ್ನು ಅವರ ಕಂಕುಳಿನ ಸಂದಿಗೆ ತೂರಿಸಿದೆ. ಸಲೀಸಾಗಿ ಹೋದವು.

"ತಪ್ಪಿಲ್ಲ ಸ್ವಾಮಿ, ಸರಿಯಾಗಿದೆ" ಅಂದೆ. "ಗುಬ್ಬಿಯವರ ಕೈಕೆಲಸ ಇದು."

ಒಳಗಿನಿಂದ ಜುಬೇದಾ ನಕ್ಕದ್ದು ಕೇಳಿಸಿತು. ಅವಳು ಸೊಟ್ಟಗೆ ಕೊಯ್ದ ಜೋಡಿ ಅಂಗಡಿಯ ಗೋಡೆಯಲ್ಲಿ ಹಾಗೇ ತೂಗುತ್ತಿದೆ. ಅದನ್ನು ನೇರ ಮಾಡಲು ನಾನು ಯಾರಿಗೂ ಬಿಟ್ಟಿಲ್ಲ.