ಕಾಟಿಗೆ ಬಿಟ್ಟ ನೀರು

ಮೆಟ್ಟೂರಿನಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ ನಾನು ನಲ್ಲಂಪಳ್ಳಿ ಸುತ್ತಿನ ಹಳ್ಳಿಗಳಿಗೆ ಪಶುವೈದ್ಯನಾಗಿದ್ದೆ. ಕಣ್ಣುಬೇನೆ ಬಂದ ದನವನ್ನು ಹಿಂಡಿನಿಂದ ಬೇರೆ ಇರಿಸಬೇಕೆಂಬುದು ನಿಯಮ. ಅದರಲ್ಲಿ ನಾನು ಯಾರಿಗೂ ವಿನಾಯಿತಿ ಕೊಟ್ಟವನಲ್ಲ.

ಒಂದು ಬೇಸಿಗೆಯಲ್ಲಿ ಕಾಡಂಚಿನ ಊರೊಂದರ ನೀರಿನ ಗುಂಡಿಗೆ ಒಂಟಿ ಕಾಡುಕೋಣ ಬರತೊಡಗಿತು. ಅಲ್ಲಿನವರು ಅದನ್ನು ಕಾಟಿ ಎನ್ನುತ್ತಾರೆ. ಅದರ ಎರಡೂ ಕಣ್ಣಿಗೆ ಬಿಳಿ ಪೊರೆ ಕವಿದಿತ್ತು. ಕಣ್ಣಿನಿಂದ ಸುರಿಯುವ ನೀರಿಗೆ ನೊಣಗಳು ಮುತ್ತಿದ್ದವು. ಅವೇ ನೊಣಗಳು ಊರಿನ ಎತ್ತುಗಳ ಕಣ್ಣಿನ ಮೇಲೂ ಕೂರುತ್ತಿದ್ದವು. ಉಳುಮೆ ಹತ್ತಿರವಿತ್ತು.

“ಅದನ್ನು ಇಂದೇ ಅಟ್ಟಿಬಿಡಿ,” ಎಂದೆ.

“ಬಾಯಾರಿ ಬಂದದ್ದ ನಾವು ಅಟ್ಟಾಕಿಲ್ಲ, ಸಾಮಿ,” ಎಂದಳು ಒಂದು ಜೋಡಿ ಎತ್ತುಗಳ ಒಡತಿ ಮಾದಮ್ಮ.

“ಹಾಗಾದರೆ ನಿನ್ನ ಎತ್ತುಗಳು ಕುರುಡಾಗುತ್ತವೆ.”

ಆಕೆ ಕಾಟಿಯ ಕಡೆಗೆ ನೋಡಿದಳು. “ಅದುಕ್ಕೆ ಕಣ್ಣು ಕಾಣಾಕಿಲ್ಲ, ಬೇರೆ ನೀರು ಎಲ್ಲಿ ಉಡುಕ್ತದೆ? ನಮ್ಮೆತ್ತಿಗೆ ಕಣ್ಣೈತೆ. ಅವೇ ನಡೀಲಿ.”

ಮರುದಿನದಿಂದ ಊರಿನ ದನಗಳೆಲ್ಲ ಗುಡ್ಡದಾಚೆಯ ಹಳ್ಳಕ್ಕೆ ನಡೆದವು. ಎತ್ತುಗಳ ಕಣ್ಣು ಉಳಿಯಿತು. ಕಾಟಿಯ ಕಣ್ಣು ತಿಳಿಯಾಗಲಿಲ್ಲ. ಮಳೆಗೆ ಮೊದಲೇ ಅದು ಗುಂಡಿಯ ದಡದಲ್ಲಿ ಸತ್ತಿತು.

ರೋಗಿಯನ್ನು ಬೇರೆ ಇರಿಸಿದ ಊರುಗಳನ್ನು ಬಹಳ ಕಂಡಿದ್ದೇನೆ. ರೋಗಿಯನ್ನು ಇದ್ದಲ್ಲೇ ಬಿಟ್ಟು ತಾನೇ ಬೇರೆಯಾದ ಊರು ಅದೊಂದೇ. ನಿಯಮವನ್ನು ಮುರಿದರೆಂದು ನಾನು ಹೇಳುವಂತಿರಲಿಲ್ಲ.